ನಡುವಿನ ನಾಲ್ಕು ಬಿಳಿ ಟೈಲು

ನಮ್ಮ ಅಡುಗೆಮನೆಗೆ ಬಂದವರು ಒಲೆಯ ಹಿಂದಿನ ಗೋಡೆ ನೋಡಿ ಮೊದಲು "ಅಬ್ಬಬ್ಬಾ!" ಅನ್ನುತ್ತಾರೆ. ಆಮೇಲೆ ತಲೆಯನ್ನು ಒಂದಿಷ್ಟು ಓರೆ ಮಾಡಿ, "ಅಲ್ಲಾ, ನಡುವೆ ಯಾಕೆ ಖಾಲಿ ಬಿಟ್ಟಿದೀರ?" ಎಂದು ಕೇಳುತ್ತಾರೆ. ಗೋಡೆಯ ಮೇಲಿರುವುದು ಹದಿನಾರು ಟೈಲುಗಳ ಒಂದು ಚೌಕ. ಸುತ್ತಲೂ ಕೆಂಪು ಕಾರ್ನೇಷನ್, ನೀಲಿ ಹಯಸಿಂತ್ ಗೊಂಚಲು, ಮೇಲೆ ಬಾಗಿ ನಿಂತ ಟುಲಿಪ್ ಮೊಗ್ಗು, ಗರಗಸದ ಅಂಚಿನಂಥ ಉದ್ದುದ್ದ ಹಸಿರು ಎಲೆ. ಕೆಳಗಿನ ಸಾಲಿನಲ್ಲಿ ಒಂದು ಹೂದಾನಿಯ ಪಾದ ಇದೆ. ಹೂದಾನಿ ಮಾತ್ರ ಇಲ್ಲ. ಅದು ಇರಬೇಕಾದಲ್ಲಿ ನಾಲ್ಕು ಬಿಳಿ ಟೈಲುಗಳಿವೆ. ಹತ್ತಿರ ಹೋಗಿ ನೋಡಿದರೆ, ಇಂಕು ಬಿದ್ದ ಬಟ್ಟೆಯನ್ನು ಒಗೆದ ಮೇಲೂ ಉಳಿಯುತ್ತದಲ್ಲ, ಅಂಥ ಮಾಸಲು ನೀಲಿ ಕಾಣುತ್ತದೆ.

ಈ ಪ್ರಶ್ನೆಗೆ ಉತ್ತರ ಕೊಡುವವರು ಮೊದಲಿನಿಂದಲೂ ನಮ್ಮನೆಯವರೇ. ಉತ್ತರ ಮಾತ್ರ ಬದಲಾಗಿದೆ.

ನನಗೆ ಕೋಪ ಜಾಸ್ತಿ ಎಂದು ಮೊದಲೇ ಹೇಳಿಬಿಡುತ್ತೇನೆ. "ಮೂಗಿನ ತುದೀಲೇ ಇಟ್ಕೊಂಡು ಹುಟ್ಟಿದಾಳೆ" ಎಂದು ನನ್ನ ಅಮ್ಮ ಮೈಸೂರಿನಲ್ಲಿ ಬೀದಿಯವರಿಗೆಲ್ಲ ಹೇಳಿಕೊಂಡು ಬಂದವಳು. ಕೆಲಸವೂ ಅದಕ್ಕೆ ತಕ್ಕ ಹಾಗೇ ಸಿಕ್ಕಿದೆ. ನಾನು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ಬೈಯುವುದು, ಅರ್ಧ ಗಂಟೆಯಲ್ಲಿ ಮರೆತು ಕಾಫಿ ಕುಡಿಯುವುದು ನನ್ನ ಸ್ವಭಾವ. ಈ ಗೋಡೆಯ ಕೋಪ ಹಾಗೆ ಇಳಿಯುವಂಥದ್ದಾಗಿರಲಿಲ್ಲ.

ಇಂಗ್ಲೆಂಡಿನ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ ಮನೆ ಕೊಂಡ ಮೇಲೆ ನನ್ನ ಶನಿವಾರಗಳೆಲ್ಲ ಒಂದೇ ಥರ ಆಗಿಬಿಟ್ಟವು. ಹುಲ್ಲು ಕತ್ತರಿಸು, ಸಾಮಾನು ತಾ, ಯಾರದೋ ಮಗುವಿನ ಬರ್ತ್‌ಡೇಗೆ ಪಾಯಸ ಮಾಡಿಕೊಂಡು ಹೋಗು. ಆಗ ಟರ್ಕಿಯ ಟೈಲಿನ ಮೇಲೆ ಹೂ ಬರೆಯುವುದನ್ನು ಕಲಿಸುವ ಒಂದು ಕ್ಲಾಸು ಇದೆ ಎಂದು ಆಫೀಸಿನಲ್ಲಿ ಯಾರೋ ಹೇಳಿದರು. ಬರ್ಮಿಂಗ್‌ಹ್ಯಾಮಿನ ಡಿಗ್‌ಬೆತ್‌ನಲ್ಲಿ, ರೈಲು ಸೇತುವೆಯ ಕಮಾನಿನ ಕೆಳಗೆ. ತಲೆಯ ಮೇಲೆ ಟ್ರೈನು ಹೋದಾಗ ಮೇಜೆಲ್ಲ ಅದುರುತ್ತಿತ್ತು. ಎಲ್ಲರೂ ಕುಂಚ ಎತ್ತಿ ಹಿಡಿದು, ಅದು ದಾಟಿದ ಮೇಲೆ ಮತ್ತೆ ಇಡುತ್ತಿದ್ದೆವು.

ಕಲಿಸುತ್ತಿದ್ದವರು ಎಪ್ಪತ್ತರ ಹತ್ತಿರದ ಟರ್ಕಿ ಹೆಂಗಸು. ಅವರನ್ನು ಎಲ್ಲರೂ ಹೊಜಮ್ ಅನ್ನುತ್ತಿದ್ದರು, ಅವರ ಭಾಷೆಯಲ್ಲಿ ನಮ್ಮ ಮೇಷ್ಟ್ರು ಅಂದ ಹಾಗೆ. ಒಳ್ಳೆಯ ಮಾತು ಅವರ ಬಾಯಲ್ಲಿ ಬರುತ್ತಲೇ ಇರಲಿಲ್ಲ. ನನ್ನ ಮೊದಲ ಟುಲಿಪ್ ನೋಡಿ, "ಇದೇನು, ಈರುಳ್ಳಿಯಾ?" ಎಂದಿದ್ದರು. ನನಗೆ ಪಿತ್ತ ನೆತ್ತಿಗೇರಿತು. ನಾನೂ, "ಈರುಳ್ಳಿ ಬರೆಯೋದೂ ಸುಲಭ ಅಲ್ಲ" ಎಂದೆ. ಆವತ್ತಿನಿಂದ ಅವರು ನನ್ನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು ಬೈಯತೊಡಗಿದರು. ಅದನ್ನು ನಾನು ಪ್ರೀತಿ ಎಂದೇ ತಿಳಿದುಕೊಂಡೆ; ನಮ್ಮ ಮನೆಗಳಲ್ಲೂ ಅದು ಹಾಗೆಯೇ ತಾನೆ.

ಆ ಕೆಲಸದ ರೀತಿ ನನಗೆ ಹೊಸದೆನ್ನಿಸಲಿಲ್ಲ. ಹೂವಿನ ಚಿತ್ರವನ್ನು ತೆಳು ಕಾಗದದಲ್ಲಿ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚುತ್ತಾರೆ. ಕಾಗದವನ್ನು ಟೈಲಿನ ಮೇಲಿಟ್ಟು, ಬಟ್ಟೆಯ ಗಂಟಿನಲ್ಲಿ ಕಟ್ಟಿದ ಇದ್ದಿಲ ಪುಡಿಯಿಂದ ತಟ್ಟಿದರೆ ಕೆಳಗೆ ಚುಕ್ಕಿಗಳು ಬೀಳುತ್ತವೆ. ಆ ಚುಕ್ಕಿಗಳನ್ನು ಕೂದಲಿನಂಥ ಕುಂಚದಿಂದ ಕಪ್ಪು ಗೆರೆಯಲ್ಲಿ ಸೇರಿಸಬೇಕು. ಬಾಗಿಲ ಮುಂದೆ ರಂಗೋಲಿ ಹಾಕಿ ಬೆಳೆದವಳು ನಾನು, ಚುಕ್ಕಿ ಸೇರಿಸುವುದೇನು ಮಹಾ ಎಂದುಕೊಂಡಿದ್ದೆ. ಎರಡು ಚಳಿಗಾಲ ಕಳೆದರೂ ನನ್ನ ಗೆರೆ ಎರೆಹುಳುವಿನ ಹಾಗೇ ಹರಿಯುತ್ತಿತ್ತು. ಹೊಜಮ್ ಕೈಯಲ್ಲಿ ಅದು ಎಲೆಯ ಬುಡದಲ್ಲಿ ದಪ್ಪಗೆ ಶುರುವಾಗಿ, ಬೆನ್ನಿನ ಮೇಲೆ ಸಣ್ಣಗಾಗುತ್ತ, ತುದಿಯಲ್ಲಿ ಎಲ್ಲಿ ಮುಗಿಯಿತೆಂದೇ ತಿಳಿಯದ ಹಾಗೆ ಮುಗಿಯುತ್ತಿತ್ತು. "ನಿನಗೆ ಬಣ್ಣ ತುಂಬೋದು ಬರುತ್ತೆ. ಗೆರೆ ಬರಲ್ಲ. ಬರೋದೂ ಇಲ್ಲ" ಎಂದು ಎಲ್ಲರೆದುರಿಗೇ ಹೇಳಿದ್ದರು.

ಇನ್ನೊಂದು ವಿಷಯವನ್ನೂ ಹೇಳಬೇಕು. ಬಣ್ಣ ಹಾಕಿದ ಟೈಲು ಸುಡುವ ಮೊದಲು ನೋಡುವುದಕ್ಕೆ ದರಿದ್ರವಾಗಿರುತ್ತದೆ. ಸುಟ್ಟ ಮೇಲೆ ಕಣ್ಣು ಕುಕ್ಕುವ ನೀಲಿಯಾಗುವುದು ಆಗ ಬೂದಿಯಂತೆ ಕೂತಿರುತ್ತದೆ. ದಪ್ಪಗೆ ಉಬ್ಬಿ ಕೂರುವ ಕೆಂಪು ಆಗ ಒಣಗಿದ ಕೆಮ್ಮಣ್ಣು. ಅದರ ಮೇಲೆಲ್ಲ ಇದ್ದಿಲ ಚುಕ್ಕಿ. ಬೆರಳು ಸೋಕಿದರೆ ಬಣ್ಣ ಬೆರಳಿಗೆ ಬರುತ್ತದೆ. ಮೇಲೆ ಗಾಜಿನ ಲೇಪ ಕೊಟ್ಟು ಕರೆಂಟಿನ ಗೂಡಿನಲ್ಲಿ ಸುಟ್ಟರೆ ಮಾತ್ರ ಹೂ ಹೂವಾಗುತ್ತದೆ.

ಎರಡನೆಯ ವರ್ಷ ಹೊಜಮ್ ಕೈ ನಡುಗತೊಡಗಿತು. ಮೊದಲು ಟೀ ಲೋಟದಲ್ಲಿ ಗೊತ್ತಾಯಿತು, ಆಮೇಲೆ ಕುಂಚದಲ್ಲಿ. ಜೀಪಿ, ಅಂದರೆ ಇಲ್ಲಿಯ ಬಡಾವಣೆ ಡಾಕ್ಟರು, ಆಸ್ಪತ್ರೆಗೆ ಬರೆದುಕೊಟ್ಟರು, ಆಸ್ಪತ್ರೆಯವರು ಮಾತ್ರೆ ಕೊಟ್ಟರು. ಒಂದು ಶನಿವಾರ ಎಲ್ಲರೂ ಹೋದ ಮೇಲೆ, ಕಮಾನನ್ನು ಬಿಟ್ಟುಕೊಡುತ್ತಿದ್ದೇನೆ, ಊರಿಗೆ ಹೋಗಿ ತಂಗಿಯ ಜೊತೆ ಇರುತ್ತೇನೆ ಎಂದರು. ಅಳಲಿಲ್ಲ ಬಿಡಿ, ಟರ್ಕಿಯಲ್ಲಿ ಏನೋ ಬೈದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಅಡುಗೆಮನೆ ಗೋಡೆ ಅಳತೆ ತಗೊಂಡು ಬಾ. ಕೊನೇದಾಗಿ ಒಂದು ಬರೀತೀನಿ. ಗೆರೆ ನಂದು, ಬಣ್ಣ ನಿಂದು" ಎಂದರು.

ಯಾವ ಶಿಷ್ಯರಿಗೂ ಅವರು ತಮ್ಮ ಗೆರೆ ಕೊಟ್ಟವರಲ್ಲ. ಬೆಳಿಗ್ಗೆ ಮಾತ್ರೆ ನುಂಗಿದ ಮೇಲೆ ಸ್ವಲ್ಪ ಹೊತ್ತು ಕೈ ಮಾತು ಕೇಳುತ್ತಿತ್ತಂತೆ. ಆ ಹೊತ್ತಿಗೆ ಕಾದು, ಮೊಣಕೈ ಕೆಳಗೆ ಹಲಗೆ ಇಟ್ಟುಕೊಂಡು, ಉಸಿರು ಬಿಟ್ಟು ಒಂದೊಂದೇ ಗೆರೆ ಎಳೆದರು. ಕೈ ಕೇಳದ ದಿನ ಬಾಗಿಲು ಹಾಕಿ ಮಲಗುತ್ತಿದ್ದರು. ಬೇಸಿಗೆಯೆಲ್ಲ ಅದೇ ಆಯಿತು. ಸೆಪ್ಟೆಂಬರ್‌ನಲ್ಲಿ ಕೊನೆಗೆ ಹೂದಾನಿಯ ಹೊಟ್ಟೆ ಮುಗಿಸಿ ಕುಂಚವನ್ನು ಮೇಜಿನ ಮೇಲೆ ಎಸೆದರು. ಅದೇ ಕೊನೆ. ಮತ್ತೆ ಅವರು ಗೆರೆ ಎಳೆಯಲಿಲ್ಲ, ಎಳೆಯುವ ಪ್ರಯತ್ನ ಒಂದೇ ಒಂದು ಸಲ ಮಾಡಿದರು. ಅದನ್ನು ಆಮೇಲೆ ಹೇಳುತ್ತೇನೆ.

ನಾನು ಬಣ್ಣ ತುಂಬಿ ಮುಗಿಸುವ ಹೊತ್ತಿಗೆ ಕಮಾನು ಸೋರತೊಡಗಿತು, ಗೂಡಿನ ತಂತಿಯೂ ಸುಟ್ಟುಹೋಯಿತು. ರಿಪೇರಿಯವನು ಬರುವ ತನಕ ಟೈಲುಗಳನ್ನು ನಿಮ್ಮ ಮನೆಯಲ್ಲಿ ಒಣ ಜಾಗದಲ್ಲಿಡು ಎಂದು ಹೊಜಮ್ ಮರದ ಪೆಟ್ಟಿಗೆಯಲ್ಲಿ ಜೋಡಿಸಿಕೊಟ್ಟರು. "ಮೇಲೆ ಉಸಿರೂ ಬಿಡಬೇಡ" ಎಂದರು. ಕಾರಿನ ಹಿಂದಿನ ಸೀಟಿಗೆ ಬೆಲ್ಟ್ ಹಾಕಿ, ಹಸುಗೂಸು ಕೂರಿಸಿಕೊಂಡ ಹಾಗೆ ನಿಧಾನಕ್ಕೆ ತಂದೆ.

ನಮ್ಮನೆಯವರಿಗೆ ಆವತ್ತೇ ಊಟದ ಹೊತ್ತಿಗೆ ಹೇಳಿದೆ. "ರೀ, ಅದು ಸುಟ್ಟಿಲ್ಲ. ಮುಟ್ಟಿದ್ರೂ ಹೋಗತ್ತೆ. ನೀರು ಬಿದ್ರಂತೂ ಮುಗೀತು."

"ಹೂಂ ಕಣೇ, ಗೊತ್ತಾಯ್ತು. ಎಷ್ಟು ಸಲ ಹೇಳ್ತೀಯ?"

"ನಾಡಿದ್ದು ಅತ್ತೆ ಬರ್ತಾರಲ್ಲ, ಅವರಿಗೂ ಹೇಳ್ಬೇಕು."

"ಅಮ್ಮಂಗೆ ನಾನು ಹೇಳ್ತೀನಿ ಬಿಡು."

ಅಷ್ಟೇ ಮಾತು. ಈಗಲೂ ಅದನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ. 'ನಾನು ಹೇಳ್ತೀನಿ ಬಿಡು' ಅಂದರೆ ನಮ್ಮ ಮನೆಯಲ್ಲಿ ಮಾತು ನಿಲ್ಲಿಸು ಎಂದರ್ಥ.

ಅತ್ತೆ ಮೈಸೂರಿನಿಂದ ಆರು ತಿಂಗಳಿಗೆಂದು ಬಂದರು. ಹೆಚ್ಚು ಮಾತಿಲ್ಲದ, ಚುರುಕು ಹೆಂಗಸು. ಬೆಳಗಾದರೆ ಟ್ಯಾಬಿನಲ್ಲಿ ಕನ್ನಡ ಪೇಪರಿನ ಪದಬಂಧ ತುಂಬಿ ಮುಗಿಸಿಯೇ ಸ್ನಾನಕ್ಕೆ ಹೋಗುತ್ತಿದ್ದರು. ನೆಂಟರ ಮಕ್ಕಳು ಮೊಮ್ಮಕ್ಕಳ ನಕ್ಷತ್ರವೆಲ್ಲ ಅವರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ನಾನು ಮರೆತೆ.

ಆ ಸಲ ಆಯುಧಪೂಜೆ ವಾರದ ನಡುವೆ ಬಿತ್ತು. ಆಫೀಸಿನಲ್ಲಿ ಹೊಸ ಸಾಫ್ಟ್‌ವೇರ್ ರಿಲೀಸ್ ಇತ್ತು, ನನಗೆ ರಜೆ ಸಿಗಲಿಲ್ಲ. ನಮ್ಮನೆಯವರದ್ದು ವರ್ಕ್ ಫ್ರಮ್ ಹೋಮ್. "ಎಲ್ಲ ತೊಳೆದು ಜೋಡಿಸಿ ಇಟ್ಟಿರ್ತೀವಿ, ನೀನು ಬಂದ್ಮೇಲೆ ಮಂಗಳಾರತಿ" ಎಂದು ಅತ್ತೆ ಕಳಿಸಿಕೊಟ್ಟರು. ಸಂಜೆ ಆರರ ಹೊತ್ತಿಗೆ ಟ್ರೈನಿಳಿದು ಮನೆಗೆ ಬಂದೆ. ಬಾಗಿಲು ತೆಗೆಯುತ್ತಿದ್ದಂತೆ ಊದುಬತ್ತಿ ವಾಸನೆ. ಹಾಲಿನಲ್ಲಿ ಮಣೆ ಹಾಕಿ ನಮ್ಮನೆಯವರ ಲ್ಯಾಪ್‌ಟಾಪು, ಕಾರಿನ ಕೀ, ಡ್ರಿಲ್ಲು, ಮಿಕ್ಸಿ, ಈಳಿಗೆಮಣೆ ಎಲ್ಲ ಇಟ್ಟಿದ್ದರು. ಎಲ್ಲಕ್ಕೂ ಅರಿಶಿನ ಕುಂಕುಮ, ಸೇವಂತಿಗೆ. ಲ್ಯಾಪ್‌ಟಾಪಿನ ಕೆಳಗೆ ಪಟ್ಟೆಬಟ್ಟೆ ಬೇರೆ ಹಾಸಿತ್ತು. ಕೊನೆಯಲ್ಲಿ ನನ್ನ ಟೈಲುಗಳು, ಒಂದೊಂದರ ಮೂಲೆಗೂ ಒಂದು ಬೊಟ್ಟು.

ನಾಲ್ಕು ಟೈಲುಗಳನ್ನು ಮುಖ ಕೆಳಗೆ ಮಾಡಿ ಇಟ್ಟಿತ್ತು. ಪೆಟ್ಟಿಗೆಯೊಳಗೆ ಎಲ್ಲಕ್ಕಿಂತ ಮೇಲಿದ್ದವು ಅವೇ, ಹೂದಾನಿಯವು. ಬಗ್ಗಿ ಒಂದನ್ನು ತಿರುಗಿಸಿದೆ. ಬಿಳಿ. ಇನ್ನೊಂದು ತಿರುಗಿಸಿದೆ. ಅದೂ ಬಿಳಿ. ಚಪ್ಪಲಿ ಬಿಡದೆ ಅಡುಗೆಮನೆಗೆ ಓಡಿದೆ. ಸಿಂಕಿನ ತೂತಿನ ಸುತ್ತ ಕಪ್ಪು ನೀಲಿ ಬಗ್ಗಡ ಇನ್ನೂ ಅಂಟಿಕೊಂಡಿತ್ತು.

"ಯಾರು ತೊಳೆದಿದ್ದು?" ಎಂದು ನಾನು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. "ನಾನೇ ಕಣಮ್ಮಾ. ಪೂಜೆಗಿಡೋದಲ್ವಾ, ಮಸಿ ಮಸಿ ಆಗಿತ್ತು, ಸೋಪಿನ ನೀರಲ್ಲಿ ನೆನೆಹಾಕ್ದೆ. ಬಣ್ಣ ಬಿಡ್ತಾ ಇದೆ ಅಂತ ಗೊತ್ತಾದ ತಕ್ಷಣ ತೆಗೆದೆ…"

"ನಿಮ್ಮ ಮಗನ ಲ್ಯಾಪ್‌ಟಾಪೂ ಸೋಪಿನ ನೀರಲ್ಲಿ ನೆನೆಹಾಕ್ಬೇಕಿತ್ತು! ಅದೂ ಪೂಜೆಗೇ ಇಟ್ಟಿರೋದು ತಾನೆ? ಅದಕ್ಕೆ ಪಟ್ಟೆಬಟ್ಟೆ, ನಂದಕ್ಕೆ ಸಿಂಕಾ?"

ನಮ್ಮನೆಯವರು ಮಹಡಿಯಿಂದ ಹೆಡ್‌ಫೋನ್ ಕುತ್ತಿಗೆಗೆ ಹಾಕಿಕೊಂಡೇ ಇಳಿದು ಬಂದರು. "ಅಮ್ಮನ ಮೇಲೆ ಯಾಕೆ ಕೂಗಾಡ್ತೀಯ? ಹಬ್ಬದ ದಿನ!"

"ನೀವು ಹೇಳ್ತೀನಿ ಅಂದಿದ್ರಲ್ಲ?"

"ಹೇಳಿದ್ದೆ. ಬಂದ ದಿನವೇ ಹೇಳಿದ್ದೆ. ಅಮ್ಮಂಗೆ ಮರೆತು ಹೋಗಿರ್ಬೇಕು, ವಯಸ್ಸಾಯ್ತಲ್ಲ. ನಾನು ಮೀಟಿಂಗಲ್ಲಿದ್ದೆ, ನೋಡ್ಲೇ ಇಲ್ಲ. ಹೋಗ್ಲಿ ಬಿಡು, ಇನ್ನೊಂದು ಸಲ ಬರೆದ್ರಾಯ್ತು. ಟೈಮ್‌ಪಾಸ್‌ಗೆ ಮಾಡೋದು ತಾನೆ?"

ಅತ್ತೆ ಮಗನ ಮುಖ ನೋಡಿದರು. ಆಮೇಲೆ ನನ್ನ ಮುಖ ನೋಡಿ, "ಹೌದೇನೋ. ಮರೆತೆನೇನೋ" ಎಂದು ದೇವರ ದೀಪದ ಬತ್ತಿ ಸರಿಮಾಡುವುದಕ್ಕೆ ಹೋದರು. ಆ ಸಂಜೆ ನಾನು ಮಂಗಳಾರತಿ ತೆಗೆದುಕೊಳ್ಳಲಿಲ್ಲ.

ಮುಂದಿನ ವಾರ ಗೂಡು ರಿಪೇರಿ ಆಯಿತು. ಪೆಟ್ಟಿಗೆ ಹೊತ್ತುಕೊಂಡು ಕಮಾನಿಗೆ ಹೋದೆ. ಹೊಜಮ್ ಟೈಲುಗಳನ್ನು ಮೇಜಿನ ಮೇಲೆ ಜೋಡಿಸಿ ನಡುವಿನ ನಾಲ್ಕನ್ನು ನೋಡುತ್ತ ನಿಂತರು. ಬೈಗುಳ ಬರುತ್ತದೆ ಎಂದು ಕಾದೆ. ಅವರು ಸ್ಟೂಲು ಎಳೆದುಕೊಂಡು ಕೂತರು. ಚುಚ್ಚಿದ ಕಾಗದ ಹುಡುಕಿ ತಂದರು, ಇದ್ದಿಲು ತಟ್ಟಿದರು, ಹೂದಾನಿಯ ಚುಕ್ಕಿಗಳೆಲ್ಲ ಬಿದ್ದವು. ಕುಂಚ ಅದ್ದಿ, ಹಲಗೆಯ ಮೇಲೆ ಮೊಣಕೈ ಒತ್ತಿ, ಎಡಗೈಯಿಂದ ಬಲಗೈ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಗೆರೆ ಶುರುಮಾಡಿದರು. ಚುಕ್ಕಿಯ ಮೇಲೆ ನಿಲ್ಲದೆ ಗೆರೆ ಅತ್ತಿತ್ತ ಹರಿದುಹೋಯಿತು. ಅದನ್ನು ಒರೆಸಿ ಇನ್ನೊಂದು ಸಲ ಎಳೆದರು. ಮತ್ತೆ ಅದೇ ಆಯಿತು, ಅದನ್ನೂ ಒರೆಸಿದರು. ಕುಂಚವನ್ನು ಗೋಡೆಗೆ ಎಸೆದ ರಭಸಕ್ಕೆ ಬಣ್ಣ ನನ್ನ ಕೋಟಿನ ಮೇಲೂ ಸಿಡಿಯಿತು.

"ನಾನು ಎಳೀಲಾ ಹೊಜಮ್?" ಎಂದೆ, ಧೈರ್ಯ ಮಾಡಿ.

"ಬೇಡ!" ಎಂದು ಕಿರುಚಿದರು. "ನಿನ್ನ ಗೆರೆ ನನ್ನ ಗೆರೆ ಪಕ್ಕ ಕೂರೋದು ಬೇಡ. ಚುಕ್ಕಿ ಯಾವಳು ಬೇಕಾದ್ರೂ ಇಡ್ತಾಳೆ. ಖಾಲಿ ಬಿಡು. ಹಾಗೇ ಸುಡು."

ಸ್ವಲ್ಪ ಹೊತ್ತಾದ ಮೇಲೆ, "ಯಾರು ತೊಳೆದಿದ್ದು?" ಎಂದು ಕೇಳಿದರು.

"ನನ್ನ ಅತ್ತೆ."

"ಯಾಕೆ?"

ಆಯುಧಪೂಜೆಯನ್ನು ಹೇಗೆ ವಿವರಿಸುವುದು? ವರ್ಷಕ್ಕೊಂದು ದಿನ ನಾವು ಕೆಲಸದ ಸಾಮಾನುಗಳನ್ನೆಲ್ಲ ತೊಳೆದು, ಕುಂಕುಮ ಇಟ್ಟು ಕೈ ಮುಗಿಯುತ್ತೇವೆ ಎಂದೆ. "ಹಾಗಾದ್ರೆ ಇದನ್ನ ಕೆಲಸ ಅಂದುಕೊಂಡವರು ನಿಮ್ಮ ಮನೇಲಿ ಅವರೊಬ್ರೇ" ಎಂದರು ಹೊಜಮ್. ಅದು ನನ್ನ ಕಿವಿಗೇ ಹೋಗಲಿಲ್ಲ. ಆಗ ನನ್ನ ತಲೆಯಲ್ಲಿ ತುಂಬಿದ್ದೆಲ್ಲ ಸಿಂಕಿನ ಬಗ್ಗಡ.

ಗೂಡಿನಿಂದ ಹೊರಬಂದಾಗ ಅತ್ತೆ ಇಟ್ಟ ಕುಂಕುಮ ಒಂದರ ಮೇಲೂ ಇರಲಿಲ್ಲ, ಎಲ್ಲ ಸುಟ್ಟುಹೋಗಿತ್ತು. ಹನ್ನೆರಡು ಟೈಲುಗಳ ಮೇಲೆ ಹೂಗಳು ನೀರಿನಲ್ಲಿ ಅದ್ದಿ ತೆಗೆದ ಹಾಗೆ ಹೊಳೆಯುತ್ತಿದ್ದವು. ನಡುವಿನ ನಾಲ್ಕು ಹಾಗೇ ಇದ್ದವು. ನವೆಂಬರ್ ಕೊನೆಗೆ ಹೊಜಮ್ ಹೊರಟರು. ಗೂಡನ್ನು ಯಾರೋ ವ್ಯಾನಿನಲ್ಲಿ ಹಾಕಿಕೊಂಡು ಹೋದರು. ಕಮಾನಿನ ಬಾಗಿಲಿಗೆ ಬೇರೆ ಬೀಗ ಬಿತ್ತು.

ಟೈಲುಗಳನ್ನು ಗೋಡೆಗೆ ಅಂಟಿಸಿದ ಮೇಲೆ ಬಂದವರ ಬಾಯಿ ಶುರುವಾಯಿತು. ಒಬ್ಬಾಕೆ, "ಇದು ಮಸೀದೀಲಿ ಹಾಕೋ ಟೈಲ್ಸ್ ಅಲ್ವೇನ್ರೀ? ಅಡುಗೆಮನೇಲಿ ಪರವಾಗಿಲ್ವಾ?" ಎಂದಳು. ಟುಲಿಪ್ ಯಾವ ಜಾತಿಯದು ಎಂದು ನಿಮ್ಮ ಗಾರ್ಡನ್ ಸೆಂಟರಿನಲ್ಲಿ ಕೇಳಿ ಬನ್ನಿ ಎಂದೆ. ಅವಳು ಮತ್ತೆ ನಮ್ಮ ಮನೆಗೆ ಬರಲಿಲ್ಲ, ಒಳ್ಳೆಯದೇ ಆಯಿತು. ಉಳಿದವರೆಲ್ಲ ಕೇಳುತ್ತಿದ್ದುದು ನಡುವಿನ ಖಾಲಿಯ ಬಗ್ಗೆ.

ಆಗ ನಮ್ಮನೆಯವರಿಗೆ ಹುರುಪು ಬರುತ್ತಿತ್ತು. "ಅದೊಂದು ದೊಡ್ಡ ಕಥೆ! ನಮ್ಮಮ್ಮ ಆಯುಧಪೂಜೆ ದಿನ ಸೋಪ್ ಹಾಕಿ ತೊಳೆದುಬಿಟ್ರು!" ಎಲ್ಲರೂ ಹೋ ಎಂದು ನಗುತ್ತಿದ್ದರು. ಆಮೇಲೆ ದನಿ ತಗ್ಗಿಸಿ, ಆದರೆ ಅಡುಗೆಮನೆಗೆ ಕೇಳಿಸುವಷ್ಟೇ ತಗ್ಗಿಸಿ, "ಹೇಳಿದ್ದೆ ಕಣ್ರೀ. ಮರೆವು ಶುರುವಾಗಿದೆ ಅವರಿಗೆ" ಅನ್ನುತ್ತಿದ್ದರು. ಒಂದು ಸಲ ಹೇಳಿದ ಮಾತು ನಾಲ್ಕು ಸಲ ಹೇಳಿದ ಮೇಲೆ ನಿಜವೇ ಆಗಿಬಿಟ್ಟಿತು. ಮೈಸೂರಿನಲ್ಲಿದ್ದ ನಾದಿನಿ ಫೋನು ಮಾಡಿ, "ಅಮ್ಮಂಗೆ ಅಲ್ಲೇ ಒಂದ್ಸಲ ಡಾಕ್ಟರಿಗೆ ತೋರಿಸಿ ಅತ್ತಿಗೆ" ಎಂದಳು. ಸ್ಟೋವ್ ಹಚ್ಚುವುದಕ್ಕೆ ಅತ್ತೆ ಕೈ ಚಾಚಿದರೆ ನಮ್ಮನೆಯವರು, "ಅಮ್ಮ, ಬಿಡು, ಆರಿಸೋದು ಮರೆತುಬಿಡ್ತೀಯ" ಅನ್ನತೊಡಗಿದರು. ಯಾವತ್ತೂ ಪದಬಂಧ ಅರ್ಧಕ್ಕೆ ಬಿಡದ ಹೆಂಗಸು ಡಿಸೆಂಬರಿನಲ್ಲಿ ಟ್ಯಾಬನ್ನೇ ಮುಟ್ಟಲಿಲ್ಲ.

ನಾನೋ, ಅವರ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದೆ. ಊಟ ಬಡಿಸಲಾ, ಮಾತ್ರೆ ತಗೊಂಡ್ರಾ, ಹೀಟಿಂಗ್ ಸಾಕಾ, ಅಷ್ಟೇ. ಒಲೆಯ ಮುಂದೆ ನಿಂತಾಗಲೆಲ್ಲ ಕಣ್ಣು ಆ ನಾಲ್ಕು ಬಿಳಿಯ ಮೇಲೇ ಹೋಗುತ್ತಿತ್ತು. ಸಾರು ಕುದಿಯುತ್ತಿತ್ತು, ನಾನೂ ಕುದಿಯುತ್ತಿದ್ದೆ.

ಸಂಕ್ರಾಂತಿಗೆ ನಮ್ಮನೆಯವರ ಕಾಲೇಜು ಗೆಳೆಯ ಹೆಂಡತಿಯ ಜೊತೆ ಮ್ಯಾಂಚೆಸ್ಟರಿನಿಂದ ಬಂದರು. ಎಳ್ಳುಬೆಲ್ಲ ಹಂಚಿ ಆಯಿತು. ಊಟದ ಮೇಜಿನಿಂದ ಅಡುಗೆಮನೆಯ ಗೋಡೆ ಕಾಣುತ್ತದೆ. ಗೆಳೆಯ ಅದನ್ನು ನೋಡಿ, ಎಲ್ಲರ ಹಾಗೆ ತಲೆ ಓರೆ ಮಾಡಿ, ಎಲ್ಲರ ಹಾಗೆ ಕೇಳಿದರು. ನಮ್ಮನೆಯವರು ಎಲೆಯ ಮೇಲಿನ ಪೊಂಗಲ್ ಬಿಟ್ಟು ಕಥೆ ಶುರುಮಾಡಿದರು. ಅತ್ತೆ ನನ್ನ ಪಕ್ಕದಲ್ಲಿ ತುಪ್ಪದ ಬಟ್ಟಲು ಹಿಡಿದು ನಿಂತಿದ್ದರು. "…ಬಂದ ದಿನವೇ ಹೇಳಿದೀನಿ, ಬಣ್ಣ ಹಸಿ ಇದೆ ಮುಟ್ಟಬೇಡ ಅಂತ. ಪೂರ್ತಿ ಮರೆತುಬಿಟ್ಟಿದಾರೆ! ಜೀಪಿಗೆ ತೋರಿಸೋಣ ಅಂತಿದೀನಿ. ಈ ಏಜಲ್ಲಿ ಮೆಮೊರಿ ಟೆಸ್ಟ್ ಮಾಡಿಸಿಬಿಡೋದು ಒಳ್ಳೇದು."

ಅತ್ತೆ ತುಪ್ಪದ ಬಟ್ಟಲನ್ನು ಮೇಜಿನ ಮೇಲಿಟ್ಟರು.

"ನೀನು ಹೇಳ್ಲಿಲ್ಲ ಕಣೋ" ಎಂದರು.

"ಅಮ್ಮಾ, ಹೇಳಿದ್ದೆ, ನಿಂಗೆ ನೆನಪಿಲ್ಲ…"

"ನಂಗೆಲ್ಲಾ ನೆನಪಿದೆ." ಅವರ ದನಿ ಏರಲಿಲ್ಲ. "ನಿನ್ನ ಲ್ಯಾಪ್‌ಟಾಪ್ ಬಂತು, ಕಾರಿನ ಕೀ ಬಂತು, ಡ್ರಿಲ್ಲು ಬಂತು. ಅವಳದ್ದು ಏನೂ ಇಲ್ವಲ್ಲೋ, ಅವಳೂ ಕೈಯಾರೆ ಏನೋ ಮಾಡ್ತಾಳಲ್ಲ, ಅದೆಲ್ಲಿ ಅಂದೆ. ನೀನೇ ಹೋಗಿ ಆ ಪೆಟ್ಟಿಗೆ ತಂದು ಸಿಂಕಿನ ಪಕ್ಕ ಇಟ್ಟೆ. ಮಸಿ ಹಿಡಿದಿದೆ, ನೀರಿಗೆ ಹಾಕ್ಲೇನೋ ಅಂತ ಕೇಳ್ದೆ. ನೀನು ಫೋನ್ ನೋಡ್ಕೊಂಡು ಹೂಂ ಅಂದೆ. ಬಣ್ಣ ಹೋಗ್ತಿದೆ ಬಾರೋ ಅಂತ ಮೆಟ್ಟಿಲ ಹತ್ರ ನಿಂತು ನಾನು ಕೂಗ್ದೆ, ನೀನು ಕಾಲ್‌ನಲ್ಲಿದೀನಿ ಅಂದೆ. ನೆನಪಿದೆಯೋ ಇಲ್ವೋ ನಿಂಗೆ? ನೀನೂ ಟೆಸ್ಟ್ ಮಾಡಿಸ್ಕೋ."

ಗೆಳೆಯನ ಹೆಂಡತಿ ಎಲೆಯ ಮೇಲಿನ ಗೊಜ್ಜನ್ನೇ ನೋಡುತ್ತಿದ್ದಳು. ನಮ್ಮನೆಯವರ ಮುಖ ಕಿವಿಯ ತನಕ ಕೆಂಪಾಗಿತ್ತು. ನನಗೆ ಬಾಯಿಯೇ ಬರಲಿಲ್ಲ. ಜನ್ಮದಲ್ಲಿ ಮೊದಲ ಸಲ. ಅತ್ತೆ ಬಟ್ಟಲು ಎತ್ತಿಕೊಂಡು, "ತುಪ್ಪ ಹಾಕಿಸ್ಕೊಳ್ಳಿ" ಎಂದು ಗೆಳೆಯನ ಎಲೆಗೆ ಬಡಿಸಿದರು.

ಅವರು ಹೊರಟು ಕಾರು ತಿರುವು ದಾಟುತ್ತಿದ್ದಂತೆ ನನ್ನ ಬಾಯಿ ವಾಪಸು ಬಂತು.

"ಟೈಲು ಹಾಳಾಯ್ತು. ಸರಿ. ನಾನೇ ಹೂಂ ಅಂದೆ ಅಂತ ನೀವು ಆವತ್ತು ಹೇಳಿದ್ರೆ ಬೈದು, ಎರಡು ದಿನ ಮಾತು ಬಿಟ್ಟು, ಮರೀತಿದ್ದೆ. ಅಮ್ಮನ ತಲೆ ಕೆಟ್ಟಿದೆ ಅಂತ ಊರೆಲ್ಲಾ ಸಾರಿದ್ರಲ್ಲ, ನಾಚಿಕೆ ಆಗಲ್ವಾ ನಿಮಗೆ?"

"ನಿನ್ನ ಕೋಪಕ್ಕೆ ಹೆದರಿ ಹೇಳ್ದೆ ಕಣೇ. ಆಮೇಲೆ ಹಾಗೇ ಮುಂದುವರೀತು."

"ನನ್ನ ಕೋಪಕ್ಕೆ ಹೆದರಿ ಅಮ್ಮನ್ನ ಮುಂದೆ ತಳ್ಳಿದ್ರಾ? ಎಪ್ಪತ್ತು ದಾಟಿದ ಹೆಂಗಸನ್ನ? ಥೂ!"

ಮೂರು ತಿಂಗಳ ನನ್ನ ಕೋಪವನ್ನೆಲ್ಲ ತಪ್ಪು ಪೋಸ್ಟ್‌ಕೋಡಿಗೆ ಕಳಿಸಿಬಿಟ್ಟಿದ್ದರು ಆ ಮನುಷ್ಯ. ಅದು ಆ ಹೆಂಗಸಿನ ಬಾಗಿಲಿಗೆ ದಿನಾ ಹೋಗಿ ಬೀಳುತ್ತಿತ್ತು, ಅವರು ಮಾತಾಡದೆ ಎತ್ತಿಕೊಳ್ಳುತ್ತಿದ್ದರು. ಆವತ್ತು ಸರಿಯಾದ ವಿಳಾಸಕ್ಕೆ ಎಲ್ಲವನ್ನೂ ಒಟ್ಟಿಗೆ ಇಳಿಸಿದೆ. ಏನೇನು ಅಂದೆ ಎಂದು ಇಲ್ಲಿ ಬರೆಯುವುದಿಲ್ಲ. ಒಂದು ಮಾತೂ ವಾಪಸು ತೆಗೆದುಕೊಂಡಿಲ್ಲ.

ಮಾರನೆಯ ಬೆಳಿಗ್ಗೆ ಅತ್ತೆಯ ಎದುರು ಕೂತು ಕೇಳಿದೆ. "ಆವತ್ತೇ ಯಾಕೆ ಹೇಳ್ಲಿಲ್ಲ ಅತ್ತೆ? ನಾನು ಅಷ್ಟೆಲ್ಲ ಅಂದೆನಲ್ಲ."

"ನೀನು ಬೈದಿದ್ದಕ್ಕೆ ನಂಗೇನೂ ಇಲ್ಲ. ನೀರಿಗೆ ಹಾಕಿದ್ದು ಈ ಕೈಯೇ ತಾನೆ. ಅವನು 'ಮರೆವು' ಅಂದ ನೋಡು…" ಎಂದು ಟ್ಯಾಬಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. "ಅವನನ್ನ ಸುಳ್ಳುಗಾರ ಅಂತ ಹೇಗೆ ಅನ್ನಲಿ? ಮಗ ಅಲ್ವೇನೇ."

ಆ ಮಾತಿಗೂ ನನಗೆ ಕೆಟ್ಟ ಕೋಪ ಬಂತು. ಮಗ ಆದರೆ? ಮಗನ ಮಾನ ಉಳಿಸುವುದಕ್ಕೆ ತನ್ನ ತಲೆಯನ್ನೇ ಒತ್ತೆ ಇಡಬೇಕಾ? ಎದ್ದು ಕಾಫಿ ಮಾಡಿದೆ, ಲೋಟವನ್ನು ಅವರ ಮುಂದೆ ಕುಕ್ಕಿದೆ. ಅವರು ಕುಡಿದು, "ಸಕ್ಕರೆ ಕಮ್ಮಿ" ಎಂದು ಟ್ಯಾಬು ತೆರೆದರು. ಹೊಜಮ್ ಕಮಾನಿನಲ್ಲಿ ಅಂದ ಮಾತು ಆಗ ನನಗೆ ಕೇಳಿಸಿತು. ನಮ್ಮ ಮನೆಯಲ್ಲಿ ನನ್ನದನ್ನು ಆಯುಧ ಎಂದು ಎಣಿಸಿ, ಅದೆಲ್ಲಿ ಎಂದು ಕೇಳಿದವರು ಅತ್ತೆಯೊಬ್ಬರೇ. ತೊಳೆದದ್ದೂ ಅದಕ್ಕೇ. ಟೈಮ್‌ಪಾಸ್ ಎಂದವರಿಗೆ ಅದು ಇದ್ದರೆಷ್ಟು, ಹೋದರೆಷ್ಟು.

ಒಂದು ವಾರ ಬಿಟ್ಟು ನಮ್ಮನೆಯವರು ಲ್ಯಾಪ್‌ಟಾಪಿನಲ್ಲಿ ಯಾವುದೋ ಅಂಗಡಿ ತೋರಿಸಿದರು. ಟುಲಿಪ್ ಹೂದಾನಿ ಪ್ರಿಂಟ್ ಮಾಡಿದ ಟೈಲು ಸಿಗುತ್ತದೆ, ನಾಲ್ಕು ತರಿಸಿ ಆ ಜಾಗದಲ್ಲಿ ಕೂರಿಸಿಬಿಡೋಣ, ಗೊತ್ತೇ ಆಗುವುದಿಲ್ಲ ಎಂದರು.

"ಅದು ಹಾಗೇ ಇರತ್ತೆ. ಯಾರು ಕೇಳಿದ್ರೂ ಉತ್ತರ ನೀವೇ ಹೇಳ್ಬೇಕು. ಪೂರ್ತಿ ಹೇಳ್ಬೇಕು. ನಾನು ಪಕ್ಕದಲ್ಲೇ ನಿಂತಿರ್ತೀನಿ" ಎಂದೆ.

ಯುಗಾದಿಗೆ ಮೊದಲು ಅತ್ತೆ ಹೊರಡುವವರಿದ್ದರು. ಅವರನ್ನು ನೋಡಿ ಹೋಗಲು ನಮ್ಮ ರಸ್ತೆಯಲ್ಲೇ ಇರುವ ಬೆಂಗಳೂರಿನ ಗಂಡ ಹೆಂಡತಿ ಬಂದರು. ಅತ್ತೆ ಒಲೆಯ ಮುಂದೆ ಕಾಫಿಗೆ ಹಾಲು ಕಾಯಿಸುತ್ತ ಸೌಟು ಆಡಿಸುತ್ತಿದ್ದರು. ಆಕೆ ಗೋಡೆ ನೋಡಿದಳು. "ಅಬ್ಬಾ, ಎಷ್ಟು ಚೆನ್ನಾಗಿದೆ! ಆದ್ರೆ ಇದೇನು, ನಡುವೆ?"

ನಾನು ಬಾಗಿಲಿಗೆ ಒರಗಿ ಕೈ ಕಟ್ಟಿ ನಿಂತೆ.

"ಅದಾ… ಅದು, ಸ್ವಲ್ಪ ನೀರು ಬಿದ್ದು…" ಎಂದರು ನಮ್ಮನೆಯವರು.

ಸೌಟಿನ ಸದ್ದು ನಿಂತಿತು. ಅತ್ತೆ ತಿರುಗಿ ನೋಡಲಿಲ್ಲ. ಹಾಲು ಉಕ್ಕುವುದಕ್ಕೆ ಬಂದಿತ್ತು, ಅವರು ಸ್ಟೋವ್ ಕಡಿಮೆ ಮಾಡಲಿಲ್ಲ.

ನಮ್ಮನೆಯವರು ಗಂಟಲು ಸರಿಮಾಡಿಕೊಂಡರು. "ನಾನು ಮಾಡಿದ್ದು. ನೀರಿಗೆ ಹಾಕ್ಲಾ ಅಂತ ಅಮ್ಮ ಕೇಳಿದ್ರು. ನಾನು ನೋಡ್ದೇನೇ ಹೂಂ ಅಂದೆ. ಆಮೇಲೆ… ಅಮ್ಮಂಗೆ ಮರೆವು ಅಂತ ಎಲ್ಲರ ಹತ್ರ ಸುಳ್ಳು ಹೇಳ್ದೆ."

ಅತ್ತೆ ಸ್ಟೋವ್ ಆರಿಸಿದರು. ಲೋಟಗಳಿಗೆ ಕಾಫಿ ಬಗ್ಗಿಸಿ, ಮೊದಲನೆಯದನ್ನು ಬಂದವಳ ಕೈಗೆ ಕೊಟ್ಟು, "ತಗೊಳ್ಳಿ, ಆರೋಗತ್ತೆ" ಎಂದರು.